ನಾಲ್ಕನೆಯ ಎಣಿಕೆ

ಮನೆಯವರಿಗೆಲ್ಲ ಅವಳು ಪೀಪಿ. ಎಂಟನೆಯ ವಯಸ್ಸಿನಲ್ಲಿ ಸೋದರಮಾವ ಒಂದು ಹಳೆಯ ಟ್ರಂಪೆಟ್ ತಂದು ಕೈಗಿಟ್ಟಾಗ, ಬೇರೆ ಮಕ್ಕಳಾಗಿದ್ದರೆ ಮೊದಲು ಊದಿ ನೋಡುತ್ತಿದ್ದರು. ಇವಳು ಬಿಚ್ಚಿ ನೋಡಿದಳು. ಮೂರು ಗುಂಡಿ, ಮೂರು ಸ್ಪ್ರಿಂಗು ಎಲ್ಲವನ್ನೂ ನೆಲದ ಮೇಲೆ ಸಾಲಾಗಿ ಇಟ್ಟು, ಗಾಳಿ ಎಲ್ಲಿ ಹೊಕ್ಕು ಎಲ್ಲಿ ಹೊರಬೀಳುತ್ತದೆ ಎಂದು ಒಂದು ಕಣ್ಣು ಮುಚ್ಚಿ ಕೊಳವೆಯೊಳಗೆ ಇಣುಕಿದಳು. ಅದನ್ನು ಮತ್ತೆ ಜೋಡಿಸುವ ಹೊತ್ತಿಗೆ ಮಾಮನಿಗೆ ಸಾಕುಸಾಕಾಯಿತು. ಕುತೂಹಲ ಅನ್ನುವುದು ಇವಳಿಗೆ ಹುಟ್ಟಿನಿಂದ ಬಂದ ಕಾಯಿಲೆ, ದೊಡ್ಡವಳಾದ ಮೇಲೆ ವಾಸಿಯಾಗುತ್ತದೆ ಎಂದು ಅಮ್ಮ ಸಮಾಧಾನ ಮಾಡಿಕೊಂಡಳು. ಈಗ ಪೀಪಿಗೆ ಇಪ್ಪತ್ತನಾಲ್ಕು. ಕಾಯಿಲೆ ಇನ್ನೂ ಇದೆ.

ಐದು ವರ್ಷ ಅವಳು ಬೇರೆಯವರ ಜಾಝ್ ತಂಡಗಳಲ್ಲಿ ಒಂದು ಮೂಲೆಯಲ್ಲಿ ನಿಂತು ಊದಿದಳು. ಊದು ಅಂದಾಗ ಊದಬೇಕು, ನಿಲ್ಲಿಸು ಅಂದಾಗ ನಿಲ್ಲಿಸಬೇಕು. ಈಗ ಒಂದು ಸಣ್ಣ ರೆಕಾರ್ಡಿಂಗ್ ಕಂಪನಿ ಅವಳದೇ ನಾಯಕತ್ವದಲ್ಲಿ ಒಂದು ಆಲ್ಬಮ್ ಮಾಡಲು ಒಪ್ಪಿತ್ತು. ಆರು ರಚನೆ, ಆರೂ ಅವಳವೇ. ಸ್ಟುಡಿಯೋ ಎರಡೇ ದಿನ. ಜಾಝ್ ಎಂದರೆ ಅರ್ಧ ಬರೆದಿಟ್ಟದ್ದು, ಇನ್ನರ್ಧ ನುಡಿಸುವಾಗಲೇ ಹುಟ್ಟಬೇಕಾದದ್ದು. ಹಾಗಾಗಿ ತಂಡದವರು ಒಬ್ಬರನ್ನೊಬ್ಬರು ಚೆನ್ನಾಗಿ ಬಲ್ಲವರಾಗಿರಬೇಕು. ಪೀಪಿಯ ತಂಡ ಹಾಗೇ ಇತ್ತು. ಪಿಯಾನೋಗೆ ಹೈಸ್ಕೂಲಿನ ಲೆಕ್ಕದ ಮೇಷ್ಟ್ರು. ಬಾಸ್ ಎಂಬ ಆಳೆತ್ತರದ ತಂತಿವಾದ್ಯ ನುಡಿಸಲು ಅದಕ್ಕಿಂತಲೂ ಎತ್ತರದ ಒಬ್ಬ ಲಿಫ್ಟ್ ರಿಪೇರಿಯವನು, ಎಲ್ಲರ ಬಾಯಲ್ಲಿ ಕಂಬ. ಡ್ರಮ್ಸ್‌ಗೆ ಅದೇ ಸೋದರಮಾವ. ವಯಸ್ಸು ಅರವತ್ತಾರು, ಕಸುಬು ಸೋಫಾ ಕುರ್ಚಿಗಳ ದುರಸ್ತಿ.

ಮಾಮನ ಅಂಗಡಿಯೇ ಅವರ ಅಭ್ಯಾಸದ ಜಾಗ. ಒಂದು ವರ್ಷ, ಪ್ರತಿ ಭಾನುವಾರ ಬೆಳಿಗ್ಗೆ ಶಟರ್ ಅರ್ಧ ಇಳಿಸಿ ಕೂರುತ್ತಿದ್ದರು. ಗೋಡೆಗೆ ಒರಗಿಸಿದ ಫೋಮ್ ಹಾಳೆಗಳು, ಗೋಂದಿನ ವಾಸನೆ, ಬಟ್ಟೆ ಕಳಚಿ ಸ್ಪ್ರಿಂಗ್ ತೋರಿಸುತ್ತ ಕೂತ ಕುರ್ಚಿಗಳು. ಆ ಕುರ್ಚಿಗಳಷ್ಟು ತಾಳ್ಮೆಯ ಶ್ರೋತೃಗಳು ಮುಂದೆ ಯಾವತ್ತೂ ಸಿಗಲಾರರು ಎಂದು ಮೇಷ್ಟ್ರು ಹೇಳುತ್ತಿದ್ದರು. ಅಲ್ಲಿ ಎಲ್ಲವೂ ಹೂವು ಎತ್ತಿದಷ್ಟು ಸಲೀಸು. ಪೀಪಿ ಎಣಿಸುವಳು, ನಾಲ್ವರೂ ಒಟ್ಟಿಗೆ ಇಳಿಯುವರು, ಅಷ್ಟೇ.

ಸ್ಟುಡಿಯೋದಲ್ಲಿ ಆ ಸಲೀಸು ಎಲ್ಲಿ ಹೋಯಿತೋ.

ದೊಡ್ಡ ಕೋಣೆಯಲ್ಲಿ ಪೀಪಿ, ಮೇಷ್ಟ್ರು, ಕಂಬ. ಡ್ರಮ್ಸ್ ಸದ್ದು ಉಳಿದವರ ಮೈಕಿಗೆ ನುಗ್ಗಬಾರದೆಂದು ಮಾಮನನ್ನು ಪಕ್ಕದ ಪುಟ್ಟ ಕೋಣೆಯಲ್ಲಿ ಕೂರಿಸಿದ್ದರು. ಅದಕ್ಕೊಂದು ದಪ್ಪ ಗಾಜಿನ ಕಿಟಕಿ. ಅದರಿಂದ ಮೇಷ್ಟ್ರ ಬೆನ್ನು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಎಲ್ಲರ ಕಿವಿಗೂ ಹೆಡ್‌ಫೋನ್. ಮೇಷ್ಟ್ರಿಗೂ ಕಂಬನಿಗೂ ಅದು ಒಗ್ಗದೆ, ಇಬ್ಬರೂ ಒಂದು ಕಿವಿಯನ್ನು ಹೊರಗೇ ಬಿಟ್ಟುಕೊಂಡಿದ್ದರು.

ಪೀಪಿ ಎಣಿಸಿದಳು. ಒಂದು, ಎರಡು, ಮೂರು. ನಾಲ್ಕನ್ನು ಅವಳು ಬಾಯಲ್ಲಿ ಹೇಳುವುದಿಲ್ಲ, ಹೇಳಲು ಆಗುವುದೂ ಇಲ್ಲ. ಊದುವವಳಿಗೆ ಆ ಹೊತ್ತಿನಲ್ಲಿ ಬಾಯಿ ಉಸಿರೆಳೆದುಕೊಳ್ಳಲು ಬೇಕು. ಉಸಿರೆಳೆದು ಊದಿದಳು. ಪಿಯಾನೋ ಬಂತು, ಬಾಸ್ ಬಂತು. ಡ್ರಮ್ಸ್ ಮಾತ್ರ ಅರ್ಧ ಹೆಜ್ಜೆ ಹಿಂದೆ, ಬಸ್ಸು ಹೊರಟ ಮೇಲೆ ಓಡಿ ಬಂದು ಹತ್ತಿದವರ ಹಾಗೆ ಬಂತು. ಎರಡು ಸುತ್ತಿನಲ್ಲಿ ಸರಿಹೋಯಿತು, ಆದರೆ ಆರಂಭವೇ ಎಡವಿದ ಮೇಲೆ ಆ ಟೇಕ್ ಯಾರಿಗೆ ಬೇಕು. ಇನ್ನೊಮ್ಮೆ. ಮತ್ತೊಮ್ಮೆ. ಊಟದ ಹೊತ್ತಿಗೆ ಹನ್ನೊಂದು ಟೇಕ್ ಆದವು. ಹನ್ನೊಂದರಲ್ಲೂ ಅದೇ ಕಥೆ.

ಇನ್ನೊಂದು ಗಾಜಿನಾಚೆ, ರೆಕಾರ್ಡಿಂಗ್ ಯಂತ್ರಗಳ ಮುಂದೆ ಕೂತಿದ್ದ ಸ್ಟುಡಿಯೋದ ಇಂಜಿನಿಯರ್ ಹಿರಿಯ ಮನುಷ್ಯ. ಮಾತು ಕಡಿಮೆ, ಶುದ್ಧಿಯ ಹುಚ್ಚು ಜಾಸ್ತಿ. ಯಾರದೋ ಕುರ್ಚಿ ಕಿರುಗುಟ್ಟಿದರೂ ಟೇಕ್ ನಿಲ್ಲಿಸುವವರು. ಅವರು ಪ್ರತಿ ಸಲ "ಡ್ರಮ್ಸ್ ತಡ" ಎಂದು ಎರಡೇ ಮಾತು ಹೇಳಿದರು. ಮಾಮ ಪ್ರತಿ ಸಲ "ನಂದೇ ತಪ್ಪು" ಎಂದು ಎರಡೇ ಮಾತಿನಲ್ಲಿ ಒಪ್ಪಿಕೊಂಡ. ಮಧ್ಯಾಹ್ನದ ಮೇಲೂ ಅದೇ ಸಂಭಾಷಣೆ ಮುಂದುವರಿಯಿತು. ಮುಂದೇನಾಯಿತು ಎಂದರೆ ಏನೂ ಆಗಲಿಲ್ಲ, ಅದೇ ಗೋಳು.

ಸಂಜೆ ನಾಲ್ಕಕ್ಕೆ ಕಂಪನಿಯ ಮೇಡಂ ಪೀಪಿಯನ್ನು ಪಡಸಾಲೆಗೆ ಕರೆದರು. ಕೆಟ್ಟವರಲ್ಲ. ಈ ಆಲ್ಬಮ್ ಆಗಲೇಬೇಕು ಎಂದು ಕಂಪನಿಯಲ್ಲಿ ಹಟ ಹಿಡಿದಿದ್ದವರು ಅವರೊಬ್ಬರೇ.

"ನಾಳೆ ಬೆಳಿಗ್ಗೆ ಹತ್ತಕ್ಕೆ ಬೇರೆ ಡ್ರಮ್ಮರ್‌ಗೆ ಬರೋಕೆ ಹೇಳಿದ್ದೀನಿ," ಎಂದರು. "ಬರೆದಿದ್ದನ್ನ ನೋಡಿಕೊಂಡೇ ನುಡಿಸ್ತಾರೆ, ಒಂದೇ ದಿನದಲ್ಲಿ ಆರೂ ಮುಗಿಯುತ್ತೆ. ನಿಮ್ಮ ಮಾಮನಿಗೆ ನಾನು ಹೇಳಲಾ, ನೀವೇ ಹೇಳ್ತೀರಾ?"

"ನಾನೇ ಹೇಳ್ತೀನಿ," ಎಂದಳು ಪೀಪಿ. ನಾಯಕಿಯಾಗುವುದೆಂದರೆ ಮುಂದೆ ನಿಂತು ಎಣಿಸುವುದು ಎಂದಷ್ಟೇ ಅವಳು ತಿಳಿದಿದ್ದಳು. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಮಾಮ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ. ಅವಳು ಬಾಯಿ ತೆರೆಯುವ ಮೊದಲೇ ಅವಳ ಮುಖ ಎಲ್ಲ ಹೇಳಿಬಿಟ್ಟಿತ್ತೋ ಏನೋ, ಪಕ್ಕಕ್ಕೆ ಸರಿದು ಜಾಗ ಕೊಟ್ಟ.

"ಬೇರೆಯವರನ್ನ ಕರೆಸಿದ್ದಾರಾ?"

"ಹೂಂ."

"ಒಳ್ಳೇದಾಯ್ತು. ನಾನೇ ಹೇಳಬೇಕು ಅಂತಿದ್ದೆ, ಬಾಯಿ ಬರಲಿಲ್ಲ." ಲೋಟ ಕೆಳಗಿಟ್ಟು ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡ. "ಎಲ್ಲದಕ್ಕೂ ಒಂದು ಕಾಲ ಅಂತ ಇರುತ್ತಲ್ಲ, ನಂದು ಮುಗೀತು. ಡ್ರಮ್ಸ್ ಇನ್ನು ಯಾವುದಾದ್ರೂ ಶಾಲೆಯವರಿಗೆ ಕೊಟ್ಟುಬಿಡ್ತೀನಿ. ಅಂಗಡೀಲಿ ಇನ್ನೆರಡು ಸೋಫಾ ಇಡೋಷ್ಟು ಜಾಗ ಆಗುತ್ತೆ."

ಸೋಫಾದ ವಿಷಯ ಹೇಳುವಾಗ ನಗಲು ನೋಡಿದ. ಹದಿನಾರು ವರ್ಷ ತನ್ನನ್ನು ಕೂರಿಸಿಕೊಂಡು ತಾಳ ಕಲಿಸಿದವನಿಗೆ, ನಿನಗೆ ತಾಳ ತಪ್ಪಿದೆ ಎಂದು ತಾನೇ ಹೇಳಿ ಕಳಿಸುತ್ತಿದ್ದಾಳೆ. ಅವನು ಹೋದದ್ದು ಈ ಆಲ್ಬಮಿನಿಂದ ಮಾತ್ರವಲ್ಲ, ಡ್ರಮ್ಸಿನಿಂದಲೇ ಎದ್ದು ಹೋದ.

ಇಂಜಿನಿಯರ್ ಆ ದಿನದ ಟೇಕ್‌ಗಳನ್ನೆಲ್ಲ ಒಂದು ಪೆನ್ ಡ್ರೈವ್‌ಗೆ ಹಾಕಿ ಕೊಟ್ಟರು. ಮನೆಗೆ ಬಂದು ಕೈಕಾಲು ತೊಳೆದವಳೇ ಪೀಪಿ ಕಂಪ್ಯೂಟರ್ ಮುಂದೆ ಕೂತಳು. ದುಃಖಪಡುತ್ತ ಕೂರಬೇಕಾದ ಹೊತ್ತು ಅದು. ಆದರೆ ಅವಳ ತಲೆಯಲ್ಲಿ ಒಂದು ಹುಳ ಹೊಕ್ಕಿತ್ತು. ವಯಸ್ಸಾಗಿ ಕೈ ನಿಧಾನವಾಗಿದ್ದರೆ ರಚನೆಯ ಉದ್ದಕ್ಕೂ ಹಿಂದೆ ಬೀಳಬೇಕು. ಮಾಮ ಎರಡನೆಯ ಸುತ್ತಿನಿಂದ ಕೊನೆಯವರೆಗೆ ಗಡಿಯಾರದಂತಿದ್ದ. ಆರಂಭದಲ್ಲಿ ಮಾತ್ರ ಯಾಕೆ ತಡ? ಮತ್ತೆ, ಕಳೆದ ಭಾನುವಾರ ಸರಿಯಿದ್ದ ಕೈ ಬುಧವಾರದೊಳಗೆ ಮುದಿಯಾಗುವುದು ಎಲ್ಲಾದರೂ ಉಂಟೇ?

ಅಂಗಡಿಯ ಅಭ್ಯಾಸವನ್ನೆಲ್ಲ ಅವಳು ಫೋನಿನಲ್ಲಿ ಹಿಡಿದಿಟ್ಟಿದ್ದಳು. ಒಂದನ್ನು ಹಾಕಿ, ತನ್ನ ಎಣಿಕೆಗೆ ಸರಿಯಾಗಿ ಮೇಜಿನ ಮೇಲೆ ಬೆರಳು ಕುಟ್ಟಿದಳು. ಒಂದು, ಎರಡು, ಮೂರು, ಎಂದು ಕುಟ್ಟಿ ನಾಲ್ಕಕ್ಕೆ ಬೆರಳು ಎತ್ತುವಷ್ಟರಲ್ಲಿ ತಂಡ ಶುರುವಾಗಿಯೇ ಹೋಗಿತ್ತು. ತಾನೇ ತಪ್ಪು ಕುಟ್ಟಿದೆ ಅಂದುಕೊಂಡು ಮತ್ತೆ ಹಾಕಿದಳು. ಮತ್ತೆ ಹಾಗೇ. ಬೇರೆ ಭಾನುವಾರದ್ದು ಹಾಕಿದಳು, ಚಳಿಗಾಲದ್ದು ಹಾಕಿದಳು, ಮೊಟ್ಟಮೊದಲ ವಾರದ್ದು ಹಾಕಿದಳು. ಎಲ್ಲದರಲ್ಲೂ ಮೂರರವರೆಗೆ ಅವಳು ಮಕ್ಕಳಿಗೆ ಕಾಗುಣಿತ ಬರೆಸುವವಳ ಹಾಗೆ ನಿಧಾನವಾಗಿ ಎಣಿಸುತ್ತಾಳೆ, ನಾಲ್ಕನೆಯದು ಮಾತ್ರ ಧಾವಂತದಲ್ಲಿ ಬಂದುಬಿಡುತ್ತದೆ. ಎಣಿಕೆ ಒಂದು ವೇಗ, ಸಂಗೀತ ಇನ್ನೊಂದು ವೇಗ.

ಪೀಪಿಗೆ ಮೊದಲು ನಗು ಬಂತು, ಬೆನ್ನಿಗೇ ಕಿವಿ ಬಿಸಿಯಾಯಿತು. ಒಂದು ವರ್ಷ ಅವಳು ನಾಯಕಿಯೆಂದು ಎದೆಯುಬ್ಬಿಸಿ ಎಣಿಸಿದ್ದಾಳೆ, ಒಂದು ವರ್ಷವೂ ತಪ್ಪೇ ಎಣಿಸಿದ್ದಾಳೆ. ಹಾಗಿದ್ದರೂ ಮೂವರೂ ಪ್ರತಿ ಸಲ ಕರಾರುವಾಕ್ಕಾಗಿ ಅವಳ ಜೊತೆಗೇ ಇಳಿದಿದ್ದಾರೆ. ಹೇಗೆ? ಏನನ್ನು ಹಿಡಿದುಕೊಂಡು?

ಧ್ವನಿ ಪೂರ್ತಿ ಏರಿಸಿ, ಮೂರಕ್ಕೂ ಮೊದಲ ಸ್ವರಕ್ಕೂ ನಡುವಿನ ತುಣುಕನ್ನು ಮಾತ್ರ ಮತ್ತೆ ಮತ್ತೆ ಕೇಳಿದಳು. ಅಲ್ಲಿತ್ತು. ಸುಂಯ್ ಎಂದು ಒಂದು ಸದ್ದು, ಬಾಗಿಲ ಸಂದಿಯಿಂದ ಗಾಳಿ ನುಗ್ಗಿದ ಹಾಗೆ. ಅವಳದೇ ಉಸಿರು. ಅದು ಮಾತ್ರ ಎಂದೂ ಸುಳ್ಳು ಹೇಳಿರಲಿಲ್ಲ. ಎಷ್ಟು ಚುರುಕಾಗಿ ಎಳೆಯುತ್ತಿದ್ದಳೋ ರಚನೆ ಅಷ್ಟೇ ಚುರುಕಾಗಿ ಹೊರಡುತ್ತಿತ್ತು.

ಪೆನ್ ಡ್ರೈವ್ ಚುಚ್ಚಿ ಸ್ಟುಡಿಯೋದ ಟೇಕ್ ಹಾಕಿದಳು. ಒಂದು, ಎರಡು, ಮೂರು, ಆಮೇಲೆ ಏನೂ ಇಲ್ಲ. ಕತ್ತರಿಸಿ ತೆಗೆದಂಥ ಮೌನ, ಅದರ ಮಗ್ಗುಲಲ್ಲೇ ಟ್ರಂಪೆಟ್. ಬೆಳಗಿನದ್ದೂ ಮಧ್ಯಾಹ್ನದ್ದೂ, ಅಷ್ಟೂ ಟೇಕ್ ಹಾಗೇ.

ಕೂಡಲೇ ಮೇಷ್ಟ್ರಿಗೆ ಫೋನ್ ಮಾಡಿದಳು. ಅವರು ಊಟಕ್ಕೆ ಕೂತಿದ್ದರು.

"ಸರ್, ನನ್ನ ಎಣಿಕೆ ಸರಿಯಿಲ್ಲ ಅಂತ ನಿಮಗೆ ಗೊತ್ತಿತ್ತಾ?"

ಆ ಕಡೆ ಅಗಿಯುವುದು ನಿಂತಿತು. "ಗೊತ್ತಿತ್ತಮ್ಮ."

"ಯಾವಾಗಿಂದ?"

"ಮೊದಲನೇ ವಾರದಿಂದ. ನಾನು ಲೆಕ್ಕದ ಮೇಷ್ಟ್ರು, ನಾಲ್ಕರವರೆಗಿನ ಲೆಕ್ಕ ತಪ್ಪಿದ್ರೆ ಗೊತ್ತಾಗಲ್ವಾ? ಹೇಳೋಣ ಅಂತಲೇ ಇದ್ದೆ. ನಿಮ್ಮ ಮಾಮ ಬೇಡ ಅಂದ್ರು. ಅವಳು ಎಣಿಸೋದು ಅವಳ ಧೈರ್ಯಕ್ಕೆ, ಈಗ ತಿದ್ದೋಕೆ ಹೋದ್ರೆ ಇರೋ ಧೈರ್ಯಾನೂ ಹೋಗುತ್ತೆ, ನಾವು ಉಸಿರು ಹಿಡಿದು ಹೋಗೋಣ, ಅಂದ್ರು. ಕಂಬನೂ ಹೂಂ ಅಂದ. ಆಮೇಲೆ ಅದೇ ಅಭ್ಯಾಸ ಆಯ್ತು. ನಿಜ ಹೇಳಬೇಕಂದ್ರೆ ಈಗ ನೀವು ಎಣಿಸೋದು ನನ್ನ ಕಿವಿಗೆ ಬೀಳೋದೇ ಇಲ್ಲ."

"ಮಾಮನಿಗೆ ಇವತ್ತು ಉಸಿರು ಕೇಳಿಸಿಲ್ಲ, ಸರ್. ನೀವಿಬ್ಬರೂ ಒಂದು ಕಿವಿ ಹೊರಗಿಟ್ಟಿದ್ರಿ, ಕೋಣೆಯಲ್ಲೇ ಕೇಳಿಸ್ತಿತ್ತು. ಮಾಮನಿಗೆ ಹೆಡ್‌ಫೋನ್ ಒಳಗೆ ಬಂದಷ್ಟೇ ಬರಬೇಕು. ಅದರಲ್ಲಿ ಬಂದೇ ಇಲ್ಲ."

"ಛೆ," ಎಂದರು ಮೇಷ್ಟ್ರು. ಮತ್ತೆ ಅಗಿಯುವ ಸದ್ದು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಏಳಕ್ಕೆ ಪೀಪಿ ಅಂಗಡಿಯ ಮುಂದಿದ್ದಳು. ಮಾಮ ಒಂದು ಕುರ್ಚಿಯನ್ನು ತಲೆಕೆಳಗು ಮಾಡಿ, ಬಾಯಲ್ಲಿ ಮೊಳೆ ಕಚ್ಚಿಕೊಂಡು ಪಟ್ಟಿ ಬಿಗಿಯುತ್ತಿದ್ದ. ಅವಳು ಎಲ್ಲವನ್ನೂ ಹೇಳಿದಳು. ಫೋನಿನದ್ದನ್ನೂ ಸ್ಟುಡಿಯೋದ್ದನ್ನೂ ಒಂದರ ಹಿಂದೆ ಒಂದು ಕೇಳಿಸಿದಳು. ಮಾಮ ಒಂದೊಂದೇ ಮೊಳೆಯನ್ನು ಬಾಯಿಂದ ತೆಗೆದು ಡಬ್ಬಿಗೆ ಹಾಕಿದ.

"ಮೊದಲನೇ ಟೇಕಲ್ಲೇ ಕೇಳಿಸಲಿಲ್ಲ," ಎಂದ. "ಹೆಡ್‌ಫೋನ್ ಒತ್ತಿ ಹಿಡಿದೆ, ಆದ್ರೂ ಕೇಳಿಸಲಿಲ್ಲ. ಉಳಿದೋರು ಇಬ್ಬರಿಗೂ ಕೇಳಿಸ್ತಿದೆ, ನನಗೊಬ್ಬನಿಗೇ ಇಲ್ಲ. ಕಿವಿ ಹೋಯ್ತು ಅಂದ್ಕೊಂಡೆ."

"ಕೇಳಬಹುದಿತ್ತಲ್ಲ ಮಾಮ. ಉಸಿರು ಕೇಳಿಸ್ತಿಲ್ಲ ಅಂತ ಒಂದು ಮಾತು ಹೇಳಿದ್ರೆ ಆಗಿರೋದು."

"ಏನಂತ ಹೇಳ್ಲಿ? ಎಣಿಸಿದ್ದು ಕೇಳಿಸ್ತಲ್ಲ, ಉಸಿರು ಯಾಕೆ ಬೇಕು ಅಂತಿದ್ರು ಅವರು. ಆಗ ನಿನ್ನ ಎಣಿಕೆ ವಿಷಯ ಹೊರಗೆ ಬರ್ತಿತ್ತು. ಮೊದಲನೇ ದಿನ, ಆ ಮೇಡಂ ಎದುರಿಗೆ." ತಲೆ ಅಲ್ಲಾಡಿಸಿದ. "ನನ್ನ ಕಿವಿ ಹೋಗಿದೆ ಅನ್ನೋದನ್ನ ಒಪ್ಪಿಕೊಳ್ಳೋದೇ ಸುಲಭ ಅನ್ನಿಸ್ತು."

ಪೀಪಿಗೆ ಸಿಟ್ಟು ಬಂತು, ಅಳುವೂ ಬಂತು. ಎರಡರಲ್ಲಿ ಯಾವುದನ್ನು ಮೊದಲು ಹೊರಗೆ ಬಿಡಬೇಕು ಎಂದು ತಿಳಿಯದೆ ಡ್ರಮ್ಸಿನ ಕೋಲು ಇದ್ದ ಚೀಲ ಎತ್ತಿಕೊಂಡು ರಸ್ತೆಗೆ ಇಳಿದಳು. ಮಾಮ ಶಟರ್ ಎಳೆದು ಹಿಂದೆ ಬಂದ.

ಇನ್ನು ಉಳಿದದ್ದು ಕಷ್ಟದ ಕೆಲಸ. ಮಾಮನ ಕೈಯೂ ಕಿವಿಯೂ ಸರಿಯಿದೆ ಎಂದು ಹೇಳಬೇಕಾದರೆ, ತಪ್ಪು ಎಲ್ಲಿತ್ತು ಎಂದೂ ಹೇಳಬೇಕು. ಸ್ಟುಡಿಯೋದಲ್ಲಿ ಎಲ್ಲರೂ ಇದ್ದರು: ಮೇಡಂ, ಇಂಜಿನಿಯರ್, ಮೇಷ್ಟ್ರು, ಬಾಗಿಲಿಗೆ ತಲೆ ತಾಗದಂತೆ ಬಗ್ಗಿ ನಿಂತ ಕಂಬ. ಪೀಪಿ ಸುತ್ತಿ ಬಳಸಿ ಮಾತಾಡಲಿಲ್ಲ.

"ಡ್ರಮ್ಸ್ ತಡ ಆಗಿದ್ದಲ್ಲ. ನನಗೆ ನೆಟ್ಟಗೆ ನಾಲ್ಕು ಎಣಿಸೋಕೆ ಬರಲ್ಲ," ಎಂದಳು. "ಒಂದು ವರ್ಷದಿಂದ ಇವರೆಲ್ಲ ನನ್ನ ಉಸಿರು ಕೇಳಿ ಶುರು ಮಾಡ್ತಿದ್ರು. ನನಗೆ ನಿನ್ನೆ ರಾತ್ರಿ ಗೊತ್ತಾಯ್ತು."

ಹೇಳಿ ಮುಗಿಸುವ ಹೊತ್ತಿಗೆ ಮುಖ ಕೆಂಪೇರಿತ್ತು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನೆಲ ಬಾಯಿ ಬಿಡಲಿಲ್ಲ. ಯಾರೂ ನಗಲೂ ಇಲ್ಲ. ಕಂಬ ಮಾತ್ರ, ಇಷ್ಟು ದಿನ ಹೊತ್ತಿದ್ದ ಗುಟ್ಟು ಇಳಿಸಿದವನ ಹಾಗೆ ಉದ್ದಕ್ಕೆ ನಿಟ್ಟುಸಿರುಬಿಟ್ಟ.

ಇಂಜಿನಿಯರ್ ಕನ್ನಡಕ ತೆಗೆದು ಒರೆಸಿದರು. "ಉಸಿರು ತೆಗೆದದ್ದು ನಾನು," ಎಂದರು. ಟ್ರಂಪೆಟ್ ಮೈಕಿಗೆ ಅವರು ಗೇಟ್ ಎಂಬುದನ್ನು ಹಾಕಿದ್ದರು. ಸಣ್ಣ ಸದ್ದು ಬಂದರೆ ಅದು ಮುಚ್ಚಿಕೊಳ್ಳುತ್ತದೆ, ದೊಡ್ಡದು ಬಂದಾಗ ತೆರೆದುಕೊಳ್ಳುತ್ತದೆ. "ಮಾತಾಡಿದ್ರೆ ಒಳಗೆ ಬಿಡುತ್ತೆ, ಉಸಿರು ಬಿಡಲ್ಲ. ನಾನು ಕೆಲಸ ಕಲಿತದ್ದೇ ಹಾಗೆ. ಉಸಿರು ಕೊಳೆ ಅಂತ." ಆಮೇಲೆ, ಸ್ವಲ್ಪ ಆಸೆಯಿಂದಲೇ ಕೇಳಿದರು: "ಬರೀ ಉಸಿರು ಕೇಳಿ ನಾಲ್ಕು ಜನ ಒಟ್ಟಿಗೆ ಶುರು ಮಾಡೋಕೆ ಆಗುತ್ತಾ? ನೋಡಬೇಕಲ್ಲ."

ಮೇಡಂ ಗಡಿಯಾರ ನೋಡಿದರು. "ಡ್ರಮ್ಮರ್‌ನ ಹನ್ನೊಂದಕ್ಕೆ ಬರೋಕೆ ಹೇಳ್ತೀನಿ. ನಿಮಗೆ ಒಂದು ಗಂಟೆ. ಆಗಲಿಲ್ಲ ಅಂದ್ರೆ ಅವರು ಕೂರ್ತಾರೆ, ಆಮೇಲೆ ನನ್ನ ಬೈಕೋಬಾರದು." ಆಮೇಲೆ ಸೇರಿಸಿದರು. "ಗೇಟ್ ತೆಗೆದ್ರೆ ಆ ಉಸಿರೆಲ್ಲ ಆಲ್ಬಮ್ಮಿನಲ್ಲಿ ಕೇಳುತ್ತೆ, ಗೊತ್ತಲ್ಲ? ಸೈಕಲ್ ಪಂಪ್ ಹೊಡೆದ ಹಾಗೆ."

"ಕೇಳಲಿ," ಎಂದಳು ಪೀಪಿ.

ಇಂಜಿನಿಯರ್ ಒಂದಲ್ಲ, ಎಲ್ಲ ಮೈಕುಗಳ ಗೇಟನ್ನೂ ತೆಗೆದರು. ಮಾಡುವುದಾದರೆ ಪೂರ್ತಿ ಮಾಡೋಣ ಎನ್ನುವ ಜಾತಿ ಅವರದು. ಪೀಪಿ ಮೈಕಿನ ಮುಂದೆ ನಿಂತಳು. ಒಂದು ಎಂದು ಹೇಳಲು ಬಾಯಿ ತಾನಾಗಿ ತೆರೆಯಿತು, ಮುಚ್ಚಿಕೊಂಡಳು. ಎಣಿಸದೆ ಶುರು ಮಾಡುವುದೆಂದರೆ ಅವಳಿಗೆ ಹಿಡಿದುಕೊಳ್ಳಲು ಕಂಬಿಯಿಲ್ಲದ ಮೆಟ್ಟಿಲು ಇಳಿದಂತೆ. ಗಾಜಿನಾಚೆ ಮಾಮ ಕಾಣುತ್ತಿರಲಿಲ್ಲ. ಇದ್ದಾನೆ ಅಂದುಕೊಂಡು ಉಸಿರೆಳೆದಳು.

ನಾಲ್ವರೂ ಒಟ್ಟಿಗೆ ಇಳಿದರು. ಸೂಜಿ ತೂರಲೂ ಸಂದಿಲ್ಲದಷ್ಟು ಒಟ್ಟಿಗೆ. ಮೊದಲ ಸ್ವರದಲ್ಲೇ ಪೀಪಿಗೆ ಗೊತ್ತಾಯಿತು. ಆ ರಚನೆ ಮುಗಿಯುವವರೆಗೆ ಅವಳು ಊದಿದ್ದೇನೆಂದು ಅವಳಿಗೇ ನೆನಪಿಲ್ಲ, ಸಂತೋಷ ಮಾತ್ರ ನೆನಪಿದೆ. ಕೊನೆಯ ಸದ್ದು ಅಡಗಿದ ಮೇಲೆ ಹೆಡ್‌ಫೋನಿನಲ್ಲಿ ಮಾಮನ ದನಿ ಬಂತು. "ತಡ ಆಯ್ತಾ?"

"ಇಲ್ಲ," ಎಂದರು ಇಂಜಿನಿಯರ್. ಈ ಸಲ ಒಂದೇ ಮಾತಿನಲ್ಲಿ ಮುಗಿಸಿದರು, ಆದರೆ ಗಂಟಲು ಸರಿಮಾಡಿಕೊಂಡು ಮುಗಿಸಿದರು. ಮೇಡಂ ಫೋನ್ ಹಿಡಿದು ಹೊರಗೆ ಹೋದರು. ಹನ್ನೊಂದಕ್ಕೆ ಯಾರೂ ಬರಲಿಲ್ಲ.

ಸಂಜೆ ಐದರೊಳಗೆ ಐದು ಮುಗಿದವು. ಆರನೆಯದು ಉಳಿಯಿತು. ಅದೊಂದೇ ರಚನೆ ಟ್ರಂಪೆಟ್ಟಿನಿಂದಲ್ಲ, ಡ್ರಮ್ಸಿನಿಂದ ಶುರುವಾಗುವಂಥದ್ದು. ಮಾಮ ಮೊದಲು, ಪೀಪಿ ಅವನ ಹಿಂದೆ. ಅಂಗಡಿಯಲ್ಲಿ ಅದನ್ನು ನುಡಿಸುವಾಗ ಅವಳು ಮಾಮನ ಕಡೆ ನೋಡುತ್ತಿರಲಿಲ್ಲ. ಮಾಮ ಶುರು ಮಾಡುತ್ತಾನೆ, ತಾನು ಸೇರುತ್ತೇನೆ, ಅದರಲ್ಲಿ ನೋಡುವುದಕ್ಕೇನಿದೆ?

ಇಂದು ಅವಳಿಗೆ ಕೇಳಬೇಕು ಅನ್ನಿಸಿತು. ತನ್ನ ಉಸಿರು ಅಷ್ಟು ಮಾತಾಡುತ್ತಿದ್ದರೆ ಮಾಮನದು ಏನು ಹೇಳುತ್ತಿರಬಹುದು? ಎರಡೂ ಕಿವಿಗೆ ಹೆಡ್‌ಫೋನ್ ಒತ್ತಿ ಹಿಡಿದು ಕಣ್ಣು ಮುಚ್ಚಿದಳು. ಡ್ರಮ್ಸ್ ಮೇಲಿನ ಮೈಕಿನಿಂದ ಎಲ್ಲ ಬಂತು. ಸ್ಟೂಲು ಸರಿಸಿದ ಸದ್ದು, ಕೋಲು ಕೈ ಬದಲಿಸಿದ ಸದ್ದು, ಆಮೇಲೆ ಉಸಿರು.

ಉಸಿರು ಗಿಡ್ಡವಾಗಿತ್ತು. ಅರ್ಧಕ್ಕೆ ಬಂದು ಒಮ್ಮೆ ತಡವರಿಸಿ, ಬಲವಂತದಿಂದ ಮೇಲೆ ಹತ್ತಿತು. ಕೊನೆಯಲ್ಲಿ ಸಣ್ಣಗೆ ಗೊರಗೊರ ಎಂದಿತು. ಗಾಳಿ ಎಲ್ಲಿ ಹೊಕ್ಕು ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಪೀಪಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮಾಮನಿಗೆ ವಯಸ್ಸಾಗಿಲ್ಲ ಎಂದು ಬೆಳಿಗ್ಗೆ ಎಲ್ಲರೆದುರು ಸಾಧಿಸಿ ತೋರಿಸಿದವಳು ಅವಳೇ. ಕೈಗೆ ಆಗಿರಲಿಲ್ಲ, ಕಿವಿಗೆ ಆಗಿರಲಿಲ್ಲ, ಅದು ನಿಜ. ಅವಳಿಗೆ ಭಯವಾಯಿತು. ಇವನು ಕೂತಿರದ ಕೋಣೆಯಲ್ಲಿ ತಾನು ಊದಬೇಕಾದ ದಿನ ಬಂದೇ ಬರುತ್ತದೆ ಎಂದು ಮೊದಲ ಬಾರಿಗೆ ಅನ್ನಿಸಿತು.

ಕೋಲು ಡ್ರಮ್ಮಿನ ಮೇಲೆ ಬಿತ್ತು, ಹದವಾಗಿ, ಎಲ್ಲಿ ಬೀಳಬೇಕೋ ಅಲ್ಲೇ. ಎಂಟು ಸುತ್ತು ಮಾಮ ಒಬ್ಬನೇ ನುಡಿಸಬೇಕು, ಆಮೇಲೆ ಅವಳು. ಪೀಪಿ ಎಣಿಸಲಿಲ್ಲ. ಪ್ರತಿ ಸುತ್ತಿನಲ್ಲೂ ಅವನ ಉಸಿರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಹತ್ತುತ್ತದೆ ಎಂದು ಕೇಳುತ್ತ ನಿಂತಳು. ಎಂಟನೆಯದರ ಕೊನೆಗೆ ಅವನು ಉಸಿರೆಳೆದುಕೊಂಡಾಗ, ಅವನು ಎಳೆದಷ್ಟನ್ನೇ ಎಳೆದುಕೊಂಡು, ಅಷ್ಟರಲ್ಲೇ ಊದಿದಳು.